ತಪ್ಪುಕಾಣಿಕೆ ಹಾಕಿದ ಕೈ

ಮೊನ್ನೆ ಬೋಳಾರದ ನದಿದಂಡೆಯಲ್ಲಿ ಯಾರೋ ದೋಣಿಯನ್ನು ಕವುಚಿ ಹಾಕಿ ಅದಕ್ಕೆ ಮೀನೆಣ್ಣೆ ಬಳಿಯುತ್ತಿದ್ದರು. ನೀರು ಇಳಿದ ಹೊತ್ತು. ದಂಡೆಯ ಜೇಡಿಮಣ್ಣು ಬಿಸಿಲಿಗೆ ನಾರುತ್ತಿತ್ತು. ಆ ಎಣ್ಣೆಯ ವಾಸನೆ, ಈ ಮಣ್ಣಿನ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟೆ. ಎಣ್ಣೆ ಬಳಿಯುತ್ತಿದ್ದವನು ಓಡಿ ಬಂದು, "ಎಂತಾಯ್ತು ಅಜ್ಜೆರೇ, ಬಿಸಿಲು ತಾಗಿತಾ?" ಎಂದು ಚೊಂಬಿನಲ್ಲಿ ನೀರು ಕೊಟ್ಟ. ಹೌದು ಎಂದೆ. ಸುಳ್ಳು ಹೇಳುವುದು ನನಗೆ ಹೊಸದಲ್ಲ. ಆದರೆ ನನ್ನನ್ನು ಸಾಧು ಮುದುಕ ಎಂದು ತಿಳಿದವರು ಈ ಊರಿನಲ್ಲಿ ತುಂಬಾ ಜನ ಇದ್ದಾರೆ. ಅವರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ನನ್ನ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ನಾನು ಜೆಪ್ಪುವಿನ ಒಂದು ಹಂಚಿನ ಕಾರ್ಖಾನೆಯಲ್ಲಿದ್ದೆ. ದೊಡ್ಡ ಯುದ್ಧಕ್ಕೆ ಇನ್ನೂ ಕೆಲವು ವರ್ಷಗಳಿದ್ದವು. ಕಾರ್ಖಾನೆಯ ಹೆಸರು ಬೇಡ. ಹೊಳೆಯ ಮೇಲಿನಿಂದ ದೋಣಿಗಳಲ್ಲಿ ಮಣ್ಣು ಬರುತ್ತಿತ್ತು. ಅದನ್ನು ಅರೆದು, ತಂತಿಯಿಂದ ಕೊಯ್ದು, ಹಲಗೆಯಂತಹ ತುಂಡುಗಳನ್ನಾಗಿ ಮಾಡಿ ನಮ್ಮ ಪ್ರೆಸ್ಸಿನ ಕೊಟ್ಟಿಗೆಗೆ ತರುತ್ತಿದ್ದರು. ಕೊಟ್ಟಿಗೆಯಲ್ಲಿ ಮೂರು ಪ್ರೆಸ್ಸುಗಳು. ಒಂದೊಂದಕ್ಕೂ ಇಬ್ಬರು. ಒಬ್ಬ ಮಣ್ಣಿನ ತುಂಡಿಗೆ ಮೀನೆಣ್ಣೆ ಸವರಿ ಕೆಳಗಿನ ಅಚ್ಚಿನ ಮೇಲೆ ಇಡಬೇಕು, ನಾಲ್ಕು ಮೂಲೆಗಳನ್ನು ಬೆರಳಿನಿಂದ ಒತ್ತಿ ಕೂರಿಸಬೇಕು, ಕೈ ಹಿಂದೆಗೆದು "ಹೋಯ್" ಎನ್ನಬೇಕು. ಇನ್ನೊಬ್ಬ ಮೇಲಿನ ಕಬ್ಬಿಣದ ತೋಳನ್ನು ಮೈಯೆಲ್ಲ ಹಾಕಿ ಎಳೆಯಬೇಕು. ಎರಡು ತುದಿಗಳಲ್ಲೂ ಕಬ್ಬಿಣದ ಗುಂಡುಗಳಿದ್ದ ಆ ತೋಳು ಒಮ್ಮೆ ತಿರುಗಿತೆಂದರೆ ಮೇಲಿನ ಅಚ್ಚು ಧಡಾರನೆ ಇಳಿಯುತ್ತಿತ್ತು. ಮಣ್ಣು ಹಂಚಾಗುತ್ತಿತ್ತು. ಹೋಯ್ ಎನ್ನದೆ ಎಳೆಯುವಂತಿಲ್ಲ. ಕೆಲಸಕ್ಕೆ ಸೇರಿದ ದಿನವೇ ಮೇಸ್ತ್ರಿ ಬೆನ್ನಿಗೆ ಬೆತ್ತದಲ್ಲಿ ಎರಡು ಬಿಗಿದು ಕಲಿಸುತ್ತಿದ್ದ ಪಾಠ ಅದೊಂದೇ. ಬೆಳಗಿನಿಂದ ಸಂಜೆಯವರೆಗೆ ಮೂರು ಪ್ರೆಸ್ಸುಗಳಿಂದ ಹೋಯ್, ಧಡ್, ಹೋಯ್, ಧಡ್. ಮನೆಗೆ ಬಂದು ಊಟಕ್ಕೆ ಕುಳಿತರೂ ಕಿವಿಯಲ್ಲಿ ಅದೇ.

ಎಳೆಯುವವನು ನಾನು, ಸಂಕಪ್ಪ. ಇಡುವವರು ಮೋನಪ್ಪ ಬಾವ, ನನ್ನ ಅಕ್ಕ ದೇಯಿಯ ಗಂಡ. ಅಪ್ಪ ಅಮ್ಮ ತೀರಿಹೋಗಿದ್ದರಿಂದ ನಾನು ಬೋಳಾರದಲ್ಲಿ ಅವರ ಮನೆಯಲ್ಲೇ ಇದ್ದೆ. ಅವರಿಗೆ ಎಂಟು ತಿಂಗಳ ಒಂದು ಹೆಣ್ಣುಮಗು, ಕಮಲ. ಬಾವ ತಮಾಷೆಯ ಮನುಷ್ಯ, ಯಾರನ್ನೂ ಹೊಡೆದವರಲ್ಲ. ನಾನು ಎಲ್ಲರನ್ನೂ ಹೊಡೆದವನು. ನಮ್ಮ ಅಪ್ಪ ನನ್ನನ್ನು ತೆಂಗಿನ ಮರಕ್ಕೆ ಕಟ್ಟಿ ಹೊಡೆಯುತ್ತಿದ್ದ. ಅದರಿಂದ ನಾನು ಕಲಿತದ್ದು ಹೊಡೆಯುವವನ ಜಾಗದಲ್ಲಿ ನಿಲ್ಲಬೇಕು ಎಂಬುದನ್ನು ಮಾತ್ರ. ಗಡಂಗಿನಲ್ಲಿ ಕಳ್ಳು ಕುಡಿಯುತ್ತಾ ಒಬ್ಬ ನನ್ನ ಕಾಲು ತುಳಿದನೆಂದು ಅವನ ಎರಡು ಹಲ್ಲು ಉದುರಿಸಿದ್ದೆ. ಮಣ್ಣಿನ ದೋಣಿಯವನೊಬ್ಬನನ್ನು ಕುತ್ತಿಗೆ ಹಿಡಿದು ಅರ್ಧ ಜೀವ ಹೋಗುವವರೆಗೆ ಹೊಳೆಯ ನೀರಿನಲ್ಲಿ ಮುಳುಗಿಸಿದ್ದೆ. ಅವನು ಮಾಡಿದ್ದೇನು ಎಂಬುದು ಈಗ ನೆನಪಿಲ್ಲ. ಜನ ಹೆದರುತ್ತಿದ್ದರು. ಅದನ್ನು ನಾನು ಮರ್ಯಾದೆ ಎಂದು ತಿಳಿದಿದ್ದೆ.

ಆ ವರ್ಷ ಮಳೆ ನವರಾತ್ರಿಯವರೆಗೂ ಬಿಡಲಿಲ್ಲ. ನವರಾತ್ರಿಗೆ ಸ್ವಲ್ಪ ಮೊದಲು ಅಕ್ಕ ನನಗೊಂದು ಹೆಣ್ಣು ಕೇಳಲು ಹೋಗಿದ್ದಳು. ನಮ್ಮ ಕಾರ್ಖಾನೆಯಲ್ಲೇ ಹಸಿ ಹಂಚು ಹೊರುತ್ತಿದ್ದ ಹುಡುಗಿ. ಅವಳ ಮನೆಯವರು, "ಆ ಕೈಗೆ ನಮ್ಮ ಮಗಳನ್ನು ಕೊಡುವುದಿಲ್ಲ" ಎಂದು ಬಾಗಿಲಲ್ಲೇ ಹೇಳಿ ಕಳುಹಿಸಿದರು. ಅದು ಕಾರ್ಖಾನೆಗೆಲ್ಲ ಗೊತ್ತಾಯಿತು. ನಾನು ಹಲ್ಲು ಕಚ್ಚಿಕೊಂಡು ತಿರುಗುತ್ತಿದ್ದೆ.

ಆಯುಧ ಪೂಜೆಯ ದಿನ ಪ್ರೆಸ್ಸುಗಳನ್ನು ತೊಳೆದು, ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕಿ, ಬೂದುಗುಂಬಳ ಒಡೆದೆವು. ಮತ್ತೆ ಕೆಲಸ ಶುರುವಾದ ಬೆಳಿಗ್ಗೆಯೂ ಮಾಲೆಗಳು ಹಾಗೇ ಇದ್ದವು. ಹೊರಗೆ ಮಳೆ ಸುರಿಯುತ್ತಿತ್ತು. ಬಾವ ಒಂದು ತುಂಡು ಮಣ್ಣನ್ನು ಅಚ್ಚಿನ ಮೇಲೆ ಇಟ್ಟು, ಮೂಲೆ ಒತ್ತುತ್ತಾ, ಮಾಲೆಯನ್ನು ನೋಡಿ ಗಟ್ಟಿಯಾಗಿ ಹೇಳಿದರು: "ಸಂಕು, ಹೂವಿನ ಮಾಲೆ ಹೇಗೂ ಉಂಟಲ್ಲ ಮಾರಾಯ. ಇದಕ್ಕೇ ಒಂದು ಕರಿಮಣಿ ಕಟ್ಟಿಬಿಡು. ನಿನ್ನ ಪೆಟ್ಟು ತಡೆಯುವ ಹೆಣ್ಣು ಈ ಊರಲ್ಲಿ ಇದೊಂದೇ."

ಇಡೀ ಕೊಟ್ಟಿಗೆ ನಕ್ಕಿತು. ಹಂಚು ಹೊರುವ ಹೆಂಗಸರೂ ನಕ್ಕರು. ಅವರಲ್ಲಿ ಆ ಹುಡುಗಿಯೂ ಇದ್ದಳು.

ಕೈ ಜಾರಿತು ಎಂದು ಬರೆಯಬಹುದು. ಜಾರಲಿಲ್ಲ. ಬಾವನ ಬಲಗೈಯ ನಾಲ್ಕು ಬೆರಳುಗಳು ಅಚ್ಚಿನೊಳಗೆ ಇದ್ದದ್ದು ನನಗೆ ಚೆನ್ನಾಗಿ ಕಾಣುತ್ತಿತ್ತು. ಎಡಗಡೆಯ ಪ್ರೆಸ್ಸಿನಲ್ಲಿ ಯಾರೋ ಹೋಯ್ ಎಂದರು. ಬಾವ ಎನ್ನಲಿಲ್ಲ. ಅವರು ಇನ್ನೂ ನಗುತ್ತಿದ್ದರು. ನಾನು ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದೆ.

ಎಲುಬು ಮುರಿದ ಸದ್ದು ಕೇಳಲಿಲ್ಲ. ಅಚ್ಚು ಇಳಿದ ಸದ್ದಿನಲ್ಲಿ ಅದು ಸೇರಿಹೋಯಿತು. ಬಾವ ಮೊದಲು ಕೂಗಲೂ ಇಲ್ಲ. ಬಾಯಿ ತೆರೆದು ನನ್ನನ್ನೇ ನೋಡಿದರು. ತೋಳನ್ನು ಹಿಂದೆ ತಿರುಗಿಸಿ ಅಚ್ಚನ್ನು ಎತ್ತಿದವನೂ ನಾನೇ. ಹಸಿ ಹಂಚಿನ ಮೇಲೆ ಕಾರ್ಖಾನೆಯ ಮುದ್ರೆ ಸರಿಯಾಗಿ ಮೂಡಿತ್ತು, ಬೆರಳುಗಳು ಅದಕ್ಕೇ ಅಂಟಿಕೊಂಡಿದ್ದವು. ಆಮೇಲೆ ಅವರು ಕೂಗಿದರು. ಅಂತಹ ಕೂಗನ್ನು ನಾನು ಯಾವ ಪ್ರಾಣಿಯ ಬಾಯಿಂದಲೂ ಕೇಳಿಲ್ಲ. ಹೆಂಗಸರು ತಲೆಯ ಮೇಲಿನ ಹಂಚುಗಳನ್ನು ಕೆಳಗೆ ಹಾಕಿ ಓಡಿದರು.

ಮೇಸ್ತ್ರಿ ಬೆತ್ತ ಹಿಡಿದುಕೊಂಡೇ ಬಂದ. ಬಾವನ ಕೈಗೆ ಯಾರೋ ಮುಂಡಾಸಿನ ಬಟ್ಟೆ ಸುತ್ತುತ್ತಿದ್ದರು. ಮೇಸ್ತ್ರಿ ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದ. "ಅವನು ಹೋಯ್ ಹೇಳಿದನಾ?"

"ಹೇಳಿದ್ರು."

ಅಷ್ಟೇ. ಬಲಗಡೆಯ ಪ್ರೆಸ್ಸಿನವನು, "ಹೌದು, ನನಗೂ ಕೇಳಿತು" ಎಂದ. ಇನ್ನೊಬ್ಬನೂ ತಲೆಯಾಡಿಸಿದ. ಅವರು ಸುಳ್ಳುಗಾರರಲ್ಲ. ಆ ಕೊಟ್ಟಿಗೆಯಲ್ಲಿ ಹೋಯ್ ಎಂಬುದು ಯಾವಾಗಲೂ ಕೇಳುತ್ತಲೇ ಇತ್ತು. ಮೇಸ್ತ್ರಿ ನೆಲಕ್ಕೆ ಉಗಿದು, "ನಗಾಡಿಕೊಂಡು ಕೆಲಸ ಮಾಡಿದರೆ ಹೀಗೇ. ಬಾಯಿ ಒಂದು ಕಡೆ, ಕೈ ಒಂದು ಕಡೆ" ಎಂದ. ಬಾವನ ಕೆಲಸ ಆ ಮಾತಿನೊಂದಿಗೇ ಹೋಯಿತು.

ಆಸ್ಪತ್ರೆಯಲ್ಲಿ ಅವರ ಅಂಗೈಯವರೆಗೆ ಕತ್ತರಿಸಿದರು. ಹೆಬ್ಬೆರಳು ಮಾತ್ರ ಉಳಿಯಿತು. ಅಕ್ಕ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮಳೆಯಲ್ಲಿ ನಡೆದುಕೊಂಡು ಹೋಗಿ ಗಂಜಿ ಕೊಟ್ಟು ಬರುತ್ತಿದ್ದಳು. ನಾನು ಮೊದಲ ಕೆಲವು ದಿನ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಬಂದದ್ದು ಹೆದರಿಕೆ, ದುಃಖ ಅಲ್ಲ. ಅವರಿಗೆ ನೆನಪಿರಬಹುದು, ಎದ್ದು ಕುಳಿತೊಡನೆ ಹೇಳಿಬಿಡಬಹುದು ಎಂಬ ಹೆದರಿಕೆ. ಹೇಳಿದರೆ ಹೇಗೆ ಅಲ್ಲಗಳೆಯಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಅವರು ಹೇಳಲಿಲ್ಲ. ನಾನು ಹೋದ ದಿನ, ಮಂಚದಿಂದ ಎಡಗೈ ಚಾಚಿ ನನ್ನ ಕೈ ಹಿಡಿದುಕೊಂಡರು. "ಸಂಕು, ನಾನು ಹೋಯ್ ಹೇಳಿದೆನಂತೆ. ಕೈ ತೆಗೆಯುವ ಮೊದಲೇ ಹೇಳಿದೆನಂತೆ. ನನಗೆ ಗೊತ್ತೇ ಆಗಲಿಲ್ಲ ಮಾರಾಯ."

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ, ಅವರು ಬಿಡಲಿಲ್ಲ.

"ನಿನ್ನ ಕೈಯಿಂದ ಇಂಥದ್ದು ಮಾಡಿಸಿದೆನಲ್ಲ ನಾನು. ನಿನಗೆ ಊಟ ಸೇರ್ತಾ ಇಲ್ಲವಂತೆ, ನಿನ್ನ ಅಕ್ಕ ಹೇಳಿದಳು. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ತಪ್ಪು ನನ್ನದು."

ಅವರ ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು. ಕೈ ಹೋಯಿತೆಂದು ಅಲ್ಲ, ನನಗೆ ನೋವು ಕೊಟ್ಟೆನೆಂದು. ಮನುಷ್ಯ ತನ್ನ ತಪ್ಪಿಗೆ ನಿಜವಾಗಿ ಕರಗುವುದು ಎಂದರೆ ಹೇಗಿರುತ್ತದೆ ಎಂಬುದನ್ನು ನಾನು ಮೊದಲ ಸಲ ನೋಡಿದ್ದು ಆ ಮಂಚದ ಮೇಲೆ. ತಪ್ಪನ್ನೇ ಮಾಡದವನು ಅದನ್ನು ನನಗೆ ತೋರಿಸಿಕೊಟ್ಟ. ನಾನು ಎದ್ದು ಹೊರಗೆ ಬಂದು ಆಸ್ಪತ್ರೆಯ ಗೋಡೆಗೆ ಹಣೆ ಚಚ್ಚಿಕೊಂಡೆ. ನೋಡಿದವರು, "ಪಾಪ, ಬಾವನ ಮೇಲೆ ಎಷ್ಟು ಪ್ರೀತಿ" ಎಂದರು.

ಅವರು ಮನೆಗೆ ಬಂದ ಮೇಲೆ ಕಾರ್ಖಾನೆಯಲ್ಲಿ ಇನ್ನೊಂದು ಮಾತು ಎದ್ದಿತು. ಕಾರ್ಖಾನೆಯ ಹಿತ್ತಿಲಲ್ಲಿ ಒಂದು ಹಾಳೆಮರದ ಬುಡದಲ್ಲಿ ಗುಳಿಗ ದೈವದ ಕಲ್ಲು ಇತ್ತು. ಭಟ್ಟಿಗೆ ಬೆಂಕಿ ಕೊಡುವ ಮೊದಲು ಅಲ್ಲಿ ದೀಪ ಇಡುತ್ತಿದ್ದವರು ತನಿಯಪ್ಪಣ್ಣ, ನಮ್ಮಲ್ಲಿ ಎಲ್ಲರಿಗಿಂತ ಹಳಬರು. ಪೂಜೆಯಾದ ಪ್ರೆಸ್ಸಿನ ಮೇಲೆ ರಕ್ತ ಬಿದ್ದಿದೆ, ದೈವಕ್ಕೆ ತಪ್ಪುಕಾಣಿಕೆ ಹಾಕದೆ ಮುಂದೆ ಹೋಗುವುದು ಸರಿಯಲ್ಲ ಎಂದು ಅವರು ಹೇಳಿದರು. ನಮ್ಮಲ್ಲಿ ಅದು ರೂಢಿ. ತಪ್ಪು ಮಾಡಿದವನು ಕಲ್ಲಿನ ಮುಂದೆ ನಿಂತು, ನನ್ನಿಂದ ಇಂಥ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿ, ಬಲಗೈಯಿಂದ ಕಾಣಿಕೆ ಹಾಕಬೇಕು. ಹಾಕಿದ ಮೇಲೆ ಆ ಮಾತನ್ನು ಯಾರೂ ಎತ್ತಬಾರದು. ತಪ್ಪು ಮಾಡಿದವರೆಂದು ಕರೆಸಿದ್ದು ಬಾವನನ್ನು.

ಅವರು ಸ್ನಾನ ಮಾಡಿ ಬಿಳಿ ಮುಂಡು ಉಟ್ಟುಕೊಂಡು ಬಂದರು. ಕೆಲಸದವರೆಲ್ಲ ಸುತ್ತ ನಿಂತಿದ್ದರು. ಕಾಣಿಕೆ ಹಿಡಿಯಲು ಅವರು ಎಡಗೈ ಚಾಚಿದಾಗ ತನಿಯಪ್ಪಣ್ಣ ತಡೆದರು. "ಎಡಗೈ ಆಗ್ಲಿಕ್ಕಿಲ್ಲ ಮೋನಪ್ಪ. ಮನೆಯವರು ಯಾರಾದರೂ ನಿನ್ನ ಬದಲಿಗೆ ಕೈ ಕೊಡಲಿ." ಎಲ್ಲರೂ ನನ್ನನ್ನು ನೋಡಿದರು.

ನಾನು ಮುಂದೆ ಹೋಗಿ ಬಲಗೈ ಚಾಚಿದೆ. ತನಿಯಪ್ಪಣ್ಣ ಅಂಗೈಯಲ್ಲಿ ಒಂದು ವೀಳ್ಯದೆಲೆ, ಅದರ ಮೇಲೆ ಕಾಣಿಕೆ ಇಟ್ಟರು. ಬಾವ ಬಟ್ಟೆ ಸುತ್ತಿದ ಮೊಂಡುಗೈಯನ್ನು ನನ್ನ ಮಣಿಗಂಟಿಗೆ ತಾಗಿಸಿದರು. ಹಾಗೆ ತಾಗಿಸಿಕೊಂಡೇ ಕಲ್ಲಿಗೆ ತಲೆಬಾಗಿ ಹೇಳಿದರು: "ಸ್ವಾಮಿ, ನಾನು ಅಜಾಗ್ರತೆ ಮಾಡಿದೆ. ನನ್ನಿಂದ ತಪ್ಪಾಯಿತು. ಈ ಹುಡುಗನಿಗೆ ಏನೂ ದೋಷ ತಟ್ಟಬಾರದು."

ಗುಳಿಗ ರಕ್ತ ಕೇಳುವ ದೈವ. ಅಲ್ಲೇ ರಕ್ತ ಕಾರಿ ಬೀಳುತ್ತೇನೆ ಎಂದುಕೊಂಡೆ. ಬೀಳಲಿಲ್ಲ. ಕಾಣಿಕೆ ಹಾಕಿದೆ, ಪ್ರಸಾದದ ಗಂಧ ಹಚ್ಚಿಕೊಂಡೆ, ಮತ್ತೆ ಪ್ರೆಸ್ಸಿಗೆ ಹೋಗಿ ಸಂಜೆಯವರೆಗೆ ತೋಳು ಎಳೆದೆ.

ಅಲ್ಲಿಂದ ನನಗೆ ಹುಚ್ಚು ಹಿಡಿದಂತಾಯಿತು. ಬಲಗಡೆಯ ಪ್ರೆಸ್ಸಿನವನು ಒಂದು ದಿನ ಹೊಸಬನೊಬ್ಬನಿಗೆ ಬುದ್ಧಿ ಹೇಳುತ್ತಾ, "ಮೋನಪ್ಪನ ಹಾಗೆ ಬೇಜವಾಬ್ದಾರಿ ಮಾಡಬೇಡ" ಎಂದ. ನಾನು ಅವನನ್ನು ಮಣ್ಣಿನ ರಾಶಿಗೆ ಕೆಡವಿ, ಬಾಯಿಗೆ ಮಣ್ಣು ತುರುಕಿ, ಮುಖ ಗುರುತು ಸಿಗದ ಹಾಗೆ ಗುದ್ದಿದೆ. ನಾಲ್ಕು ಜನ ಸೇರಿ ಎಳೆಯಬೇಕಾಯಿತು. ಮೇಸ್ತ್ರಿಯ ಬೆತ್ತ ನನ್ನ ಬೆನ್ನಿನಲ್ಲಿ ತುಂಡಾಯಿತು. ಆಗಲೂ ಜನ ನನ್ನನ್ನೇ ಹೊಗಳಿದರು. ಬಾವನ ಹೆಸರೆತ್ತಿದರೆ ಬಿಡುವವನಲ್ಲ ಎಂದರು. ಆ ಹೊಗಳಿಕೆಯನ್ನು ನುಂಗಿಕೊಂಡು ಮನೆಗೆ ಬಂದೆ. ಅಕ್ಕ ನನ್ನ ಬೆನ್ನಿಗೆ ಬಿಸಿನೀರು ಹಾಕಿ ಒರೆಸಿದಳು.

ಕಳ್ಳು ಬಿಟ್ಟೆ. ಮಂಗಳಾದೇವಿಗೆ ಹೋಗಿ ಒದ್ದೆ ಬಟ್ಟೆಯಲ್ಲಿ ಸುತ್ತು ಬಂದೆ. ಅಕ್ಕನಿಗೆ ಬಾವಿಯಿಂದ ನೀರು ಸೇದಿ ಕೊಟ್ಟೆ, ಸೌದೆ ಒಡೆದೆ, ಬಾವನಿಗೆ ಸ್ನಾನ ಮಾಡಿಸಿದೆ. ಹೊಳೆಯ ದಂಡೆಗೆ ಹೋಗಿ ಗಂಟೆಗಟ್ಟಲೆ ಅಳುತ್ತಿದ್ದೆ. ಇದೇ ಪಶ್ಚಾತ್ತಾಪ, ಇಷ್ಟು ಮಾಡಿದರೆ ಸಾಕು ಎಂದು ತಿಳಿದಿದ್ದೆ. ಈಗ ಯೋಚಿಸಿದರೆ ಅದೆಲ್ಲ ನನ್ನ ಎದೆಯುರಿಗೆ ನಾನೇ ಮಾಡಿಕೊಂಡ ಮದ್ದು. ಅಳುವಾಗ ನನಗೆ ನನ್ನ ಮೇಲೆಯೇ ಕನಿಕರ ಬರುತ್ತಿತ್ತು. ಕಳೆದುಕೊಂಡವರಿಗೆ ಅದರಿಂದ ಒಂದು ಕಾಳಿನಷ್ಟೂ ಪ್ರಯೋಜನವಿರಲಿಲ್ಲ.

ಬಾವ ಕೈಯಷ್ಟನ್ನೇ ಕಳೆದುಕೊಂಡಿದ್ದರೆ ಹೇಗಾದರೂ ಸುಧಾರಿಸಿಕೊಳ್ಳುತ್ತಿದ್ದರು. ಅವರಿಗೆ ತಮ್ಮ ಮೇಲೆಯೇ ನಂಬಿಕೆ ಹೋಗಿತ್ತು. ಬಾಗಿಲು ಹಾಕಿ ಬಂದು ಮತ್ತೆ ಹೋಗಿ ನೋಡುತ್ತಿದ್ದರು. ಮಾತಿನ ನಡುವೆ ನಿಲ್ಲಿಸಿ, "ನಾನು ಈಗ ಎಂತ ಹೇಳಿದೆ?" ಎಂದು ಅಕ್ಕನನ್ನು ಕೇಳುತ್ತಿದ್ದರು. ತಮಾಷೆ ನಿಂತುಹೋಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟರು. ಕಮಲ ಅಂಬೆಗಾಲಿಟ್ಟು ಹೋಗಿ ಅವರ ಮುಂಡು ಹಿಡಿದು ಎಳೆದರೂ, ಎರಡು ಕೈಗಳನ್ನೂ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಅಕ್ಕ ನನ್ನ ಹತ್ತಿರ, "ಅವರಿಗೆ ಮಗು ಬೇಡವಾಯಿತಾ ಸಂಕು?" ಎಂದು ಕೇಳಿ ಅತ್ತಳು.

ಮಾಯಿ ತಿಂಗಳಿನ, ಅಂದರೆ ಬೇಸಿಗೆ ಶುರುವಾಗುವ ಹೊತ್ತಿನ, ಒಂದು ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದೆ. ಅಕ್ಕ ಬಾವಿಕಟ್ಟೆಯಲ್ಲಿದ್ದಳು. ಬಾವ ಅಡುಗೆಕೋಣೆಯ ಹೊಸ್ತಿಲ ಹತ್ತಿರ ಕುಳಿತಿದ್ದರು. ಕುಚ್ಚಲಕ್ಕಿ ಗಂಜಿಯ ಮಡಕೆಯನ್ನು ಆಗಷ್ಟೇ ಒಲೆಯಿಂದ ಇಳಿಸಿ ನೆಲದಲ್ಲಿ ಇಟ್ಟಿದ್ದರು. ಕಮಲ ಅದರ ಕಡೆಗೆ ಹೋಗುತ್ತಿದ್ದಳು. ನಾನು ಅಂಗಳದ ಆಚೆ ತುದಿಯಲ್ಲಿದ್ದೆ. ಬಾವನಿಗೆ ಮಗು ಕೈಗೆಟಕುವಷ್ಟು ಹತ್ತಿರ. ಅವರು ಎಡಗೈ ಎತ್ತಿದ್ದನ್ನು ನೋಡಿದೆ. ಎತ್ತಿದ ಕೈ ಅಲ್ಲೇ ನಿಂತಿತು. "ದೇಯೀ, ದೇಯೀ" ಎಂದು ಕೂಗಿದರೇ ಹೊರತು ಕೈ ಮುಂದೆ ಹೋಗಲಿಲ್ಲ. ನಾನು ಓಡುವಷ್ಟರಲ್ಲಿ ಮಡಕೆ ಮಗುಚಿತು.

ಮಗುವಿನ ಎಡಗಾಲು ತೊಡೆಯಿಂದ ಪಾದದವರೆಗೆ ಬೆಂದುಹೋಯಿತು. ಚರ್ಮ ಬಟ್ಟೆಯೊಂದಿಗೇ ಎದ್ದು ಬಂತು. ಅಕ್ಕ ಓಡಿ ಬಂದು, ಮಗುವನ್ನು ನನ್ನ ಕೈಗೆ ಕೊಟ್ಟು, ಗಂಡನ ಕೆನ್ನೆಗೆ ಎರಡೂ ಕೈಗಳಿಂದ ಹೊಡೆದಳು. "ಪಕ್ಕದಲ್ಲೇ ಇದ್ದೀರಲ್ಲ! ಹಿಡಿಯಬಾರದಿತ್ತಾ? ಹಿಡಿಯಬಾರದಿತ್ತಾ?"

ಬಾವ ಪೆಟ್ಟು ತಿನ್ನುತ್ತಾ ಹೇಳಿದರು: "ಹಿಡಿಯಲು ಹೋಗಿ ದೂಡಿದರೆ? ನನ್ನ ಕೈ ಎಂತ ಮಾಡ್ತದೆ, ಬಾಯಿ ಎಂತ ಹೇಳ್ತದೆ ಅಂತ ನನಗೇ ಗೊತ್ತಾಗುವುದಿಲ್ಲ ದೇಯಿ. ಅವತ್ತು ಗೊತ್ತಾಯಿತಾ?"

ಆಸ್ಪತ್ರೆಗೆ ಓಡಿದೆವು, ಮದ್ದು ಹಚ್ಚಿಸಿ ತಂದೆವು. ಮಗು ಅತ್ತು ಅತ್ತು ಸುಸ್ತಾಗಿ ಮಲಗಿತು. ಆ ಹೊತ್ತಿನಲ್ಲಿ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ನಾನು ಮಾಡಿದ್ದು ನವರಾತ್ರಿಯಲ್ಲಿ ಮುಗಿದಿರಲಿಲ್ಲ. ಅದು ಪ್ರತಿದಿನ ನಡೆಯುತ್ತಲೇ ಇತ್ತು, ನಾನು ಸುಮ್ಮನಿರುವಷ್ಟು ದಿನವೂ ನಡೆಯುತ್ತದೆ. ಇಂದು ಕಾಲು, ನಾಳೆ ಜೀವ. ಅಂಗಳದಲ್ಲಿ ಬಾವ ತಲೆ ತಗ್ಗಿಸಿ ಕುಳಿತಿದ್ದರು. ಅಕ್ಕ ಚೆಲ್ಲಿದ ಗಂಜಿ ಬಳಿಯುತ್ತಿದ್ದಳು. ನಾನು ಅವರ ಮುಂದೆ ನಿಂತೆ.

"ಬಾವ, ಅವತ್ತು ನೀವು ಹೋಯ್ ಹೇಳಲಿಲ್ಲ."

ಅವರು ತಲೆ ಎತ್ತಲಿಲ್ಲ. "ಸಮಾಧಾನಕ್ಕೆ ಹೇಳಬೇಡ ಮಾರಾಯ."

"ಸಮಾಧಾನಕ್ಕೆ ಅಲ್ಲ. ನೀವು ನಗಾಡ್ತಾ ಇದ್ದಿರಿ. ಬೆರಳು ಒಳಗೆ ಇದ್ದದ್ದು ನಾನು ನೋಡಿದೆ. ನೋಡಿಯೇ ಎಳೆದೆ. ಮೇಸ್ತ್ರಿಯ ಹತ್ತಿರ ಸುಳ್ಳು ಹೇಳಿದೆ."

ಅಕ್ಕನ ಕೈ ನಿಂತಿತು. ಬಾವ ನಿಧಾನವಾಗಿ ಎದ್ದರು. "ನಾನು ಹೇಳಲಿಲ್ಲವಾ?"

"ಇಲ್ಲ."

"ಸರಿಯಾಗಿ ಹೇಳು. ನಾನು ಹೋಯ್ ಹೇಳಲಿಲ್ಲವಾ?"

"ಇಲ್ಲ ಬಾವ. ನಿಮ್ಮ ಬಾಯಿ ತಪ್ಪಲಿಲ್ಲ. ಕೈಯೂ ತಪ್ಪಲಿಲ್ಲ."

ಅವರ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ಎಷ್ಟೋ ದಿನ ನೀರಿನೊಳಗಿದ್ದವನು ಮೇಲೆ ಬಂದು ಉಸಿರು ಎಳೆದುಕೊಂಡಂತೆ ಎದೆ ಉಬ್ಬಿತು. "ದೇಯಿ, ಕೇಳಿದೆಯಾ? ನಾನು ಹೇಳಲಿಲ್ಲವಂತೆ!" ಎಂದರು. ಆಮೇಲೆ ಗೋಡೆಗೆ ಒರಗಿಸಿದ್ದ ಒನಕೆಯನ್ನು ಎಡಗೈಯಿಂದ ಎತ್ತಿದರು. ಮೊದಲ ಪೆಟ್ಟು ಭುಜಕ್ಕೆ ಬಿತ್ತು, ಗುರಿ ಸರಿಯಿರಲಿಲ್ಲ. ಎರಡನೆಯದು ಕೊರಳ ಎಲುಬನ್ನು ಮುರಿಯಿತು. ಬಿದ್ದೆ. ಮುಂದಿನ ಪೆಟ್ಟುಗಳು ಬೆನ್ನಿಗೆ, ಪಕ್ಕೆಗೆ, ತೊಡೆಗೆ. ಯಾರನ್ನೂ ಹೊಡೆದು ಗೊತ್ತಿಲ್ಲದ ಮನುಷ್ಯ ಹೊಡೆಯುತ್ತಾ ಅಳುತ್ತಿದ್ದರು. ಕೈಯೆತ್ತಿ ತಡೆಯಬೇಕೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ಅಕ್ಕ ತಡೆಯಲಿಲ್ಲ. ಒನಕೆ ಕೆಳಗೆ ಬಿದ್ದ ಮೇಲೆ ನನ್ನ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕುಳಿತು, ಸಣ್ಣ ದನಿಯಲ್ಲಿ ಕೇಳಿದಳು: "ಇಷ್ಟು ದಿನ ನನ್ನ ಕೈಯ ಗಂಜಿ ಕುಡಿದೆಯಲ್ಲ ಸಂಕು. ಅದು ಹೇಗೆ ಇಳಿಯಿತು ನಿನ್ನ ಗಂಟಲಲ್ಲಿ?" ಆ ಮಾತು ಒನಕೆಗಿಂತ ಜೋರಾಗಿ ಬಿತ್ತು.

"ಏಳು," ಎಂದರು ಬಾವ. "ಕಾರ್ಖಾನೆಗೆ ನಡಿ. ಅಲ್ಲಿಯೂ ಹೇಳು."

ಕೆಲಸ ಬಿಡುವ ಹೊತ್ತಾಗಿತ್ತು. ಮುರಿದ ಎಲುಬು ಹಿಡಿದುಕೊಂಡು ಪ್ರೆಸ್ಸಿನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ. ಒಬ್ಬರೂ ನಂಬಲಿಲ್ಲ. ಮೇಸ್ತ್ರಿ ನಕ್ಕ. "ಬಾವನಿಗೆ ಪುನಃ ಕೆಲಸ ಕೊಡಿಸಲಿಕ್ಕೆ ಒಳ್ಳೆಯ ಉಪಾಯ ಮಾಡಿದ್ದೀಯ" ಎಂದ. ಹೆಂಗಸರು, "ಅಯ್ಯೋ, ಇಂಥ ಭಾವಮೈದ ಯಾರಿಗೆ ಸಿಗ್ತಾನೆ!" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನ್ನಿಂದ ಪೆಟ್ಟು ತಿಂದ ಬಲಗಡೆಯ ಪ್ರೆಸ್ಸಿನವನೇ ಬಂದು, "ಬಿಡು ಮಾರಾಯ, ನಾನು ನನ್ನ ಕಿವಿಯಲ್ಲಿ ಕೇಳಿದ್ದೇನೆ" ಎಂದು ಸಮಾಧಾನ ಮಾಡಿದ. ನನ್ನ ಸುಳ್ಳು ಅಷ್ಟು ಚೆನ್ನಾಗಿ ಬೇರು ಬಿಟ್ಟಿತ್ತು. ಬಾವನ ಮುಖ ಮತ್ತೆ ಬಿಳಿಚಿಕೊಳ್ಳುತ್ತಿತ್ತು. ಅವರು ನನ್ನನ್ನೇ ನೋಡುತ್ತಿದ್ದರು. ಅವರಿಗೂ ಸಂಶಯ ಬರತೊಡಗಿದೆ ಎಂದು ತಿಳಿದು ನನ್ನ ಜೀವ ಹಾರಿಹೋಯಿತು.

"ತನಿಯಪ್ಪಣ್ಣ, ಗುಳಿಗನ ಕಲ್ಲಿಗೆ ಬನ್ನಿ" ಎಂದೆ.

ತಪ್ಪುಕಾಣಿಕೆ ಬಿದ್ದ ವಿಷಯವನ್ನು ಮತ್ತೆ ಎತ್ತಬಾರದು ಎಂದು ತನಿಯಪ್ಪಣ್ಣ ಹಿಂಜರಿದರು. "ಮುಗಿದದ್ದನ್ನು ಕೆದಕಿದರೆ ದೈವ ಸುಮ್ಮನಿರುವುದಿಲ್ಲ."

"ಮುಗಿಯಲಿಲ್ಲ. ತಪ್ಪು ಮಾಡಿದವನ ಕಾಣಿಕೆ ಬೀಳಲೇ ಇಲ್ಲ" ಎಂದೆ.

ಕಲ್ಲಿನ ಮೇಲೆ ಬಲಗೈ ಇಟ್ಟೆ. ಕಲ್ಲು ಮುಟ್ಟಿ ಸುಳ್ಳಾಡಿದರೆ ಕುಲವೇ ಉಳಿಯುವುದಿಲ್ಲ ಎಂದು ನಮ್ಮವರ ನಂಬಿಕೆ. ನಮ್ಮಲ್ಲಿ ಕುಲ ಬೆಳೆಯುವುದು ಅಕ್ಕತಂಗಿಯರ ಮಕ್ಕಳಿಂದ. ನನ್ನ ಕುಲವೆಂದರೆ ಕಾಲು ಬೆಂದು ಮಲಗಿದ್ದ ಕಮಲ ಒಬ್ಬಳೇ. "ಮೋನಪ್ಪ ಬಾವ ಹೋಯ್ ಹೇಳಲಿಲ್ಲ. ಬೆರಳು ನೋಡಿಯೇ ನಾನು ಎಳೆದೆ. ಅವರ ಹೆಸರಿನಲ್ಲಿ ಕಾಣಿಕೆ ಹಾಕಿದ್ದು ಕಳ್ಳನ ಕೈ. ಇದು ಸುಳ್ಳಾದರೆ ನನ್ನ ಅಕ್ಕನ ಮಗು ಉಳಿಯದಿರಲಿ." ಈಗ ನಂಬಿದರು.

ಮೊದಲು ಹೊಡೆದವನು ಬಲಗಡೆಯ ಪ್ರೆಸ್ಸಿನವನು. ಆಮೇಲೆ ಎಷ್ಟು ಜನ ಎಂದು ಗೊತ್ತಿಲ್ಲ. ಕಾಲುಗಳು, ಸೌದೆ ತುಂಡುಗಳು, ಹಂಚಿನ ಚೂರುಗಳು. ಮೇಸ್ತ್ರಿಯ ಹೊಸ ಬೆತ್ತ. ಬಾಯಿ ರಕ್ತದಿಂದ ತುಂಬಿತು, ಒಂದು ಕಣ್ಣು ಮುಚ್ಚಿಹೋಯಿತು. "ಕೈಯನ್ನು ಪ್ರೆಸ್ಸಿಗೆ ಇಡಿ ಇವನದ್ದು" ಎಂದು ಯಾರೋ ಕೂಗಿದರು, ನನ್ನನ್ನು ಕೊಟ್ಟಿಗೆಯ ಕಡೆಗೆ ಎಳೆಯತೊಡಗಿದರು. ಇಡಲಿ ಎಂದೇ ನನಗೂ ಅನ್ನಿಸಿತು. ಅದಾದರೆ ಎಲ್ಲ ಸರಿಹೋಗುತ್ತದೆ, ಹಗುರವಾಗುತ್ತೇನೆ ಎಂದುಕೊಂಡೆ.

"ಬಿಡಿ ಅವನನ್ನು" ಎಂದರು ಬಾವ. ಯಾರೂ ಬಿಡಲಿಲ್ಲ. ಅವರು ಜನರನ್ನು ನೂಕಿಕೊಂಡು ನಡುವೆ ಬಂದು, ಮೊಂಡುಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದರು. "ಸಾಯಿಸಬೇಡಿ. ಕೈಯೂ ತೆಗೆಯಬೇಡಿ. ಕ್ಷಮಿಸಿ ಹೇಳ್ತಾ ಇಲ್ಲ ನಾನು. ಇವನು ಸತ್ತರೆ, ನಾನು ಹೋಯ್ ಹೇಳಲಿಲ್ಲ ಅಂತ ಹೇಳಲಿಕ್ಕೆ ನನಗೆ ಯಾರಿದ್ದಾರೆ?"

ಹೀಗೆ ನಾನು ಉಳಿದೆ. ಕೂಳೂರಿನ ಕಡೆ ಮರಳು ದೋಣಿಯ ಕೆಲಸಕ್ಕೆ ಸೇರಿದೆ. ಕಾರ್ಖಾನೆಯವರು ಬಾವನನ್ನು ಪುನಃ ತೆಗೆದುಕೊಳ್ಳಲಿಲ್ಲ, ಒಂದು ಕೈಯವನು ಯಾಕೆ ಎಂದರು. ಅವರು ಎಡಗೈಯಲ್ಲೇ ಬೀಡಿ ಸುತ್ತುವುದನ್ನು ಕಲಿತರು. ಹೊಸ್ತಿಲು ದಾಟಿ ಬರಬಾರದು ಎಂದು ಅಕ್ಕ ಹೇಳಿ ಕಳುಹಿಸಿದ್ದಳು. ಆದರೂ ವರ್ಷಕ್ಕೆ ಒಂದೆರಡು ಸಲ ಹೋಗಿ ಅಂಗಳದಲ್ಲಿ ನಿಲ್ಲುತ್ತಿದ್ದೆ. ಬಾವ ಹೊರಗೆ ಬಂದು, "ಹೇಳು" ಎನ್ನುತ್ತಿದ್ದರು. ಮನೆಗೆ ನೆಂಟರು ಬಂದಿದ್ದರೆ ಅವರ ಮುಂದೆಯೂ ಹೇಳಿಸುತ್ತಿದ್ದರು. ಹೇಳುತ್ತಿದ್ದೆ. ಕೇಳಿದ ನೆಂಟರು ಉಗಿದು ಎದ್ದು ಹೋದದ್ದೂ ಉಂಟು. ಕ್ಷಮಿಸಿದೆ ಎಂದು ಅವರು ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಆಸೆ ನಾಲಿಗೆಯ ತುದಿಗೆ ಬಂದಾಗಲೆಲ್ಲ, ಅದು ಪುನಃ ನನ್ನ ಎದೆಯುರಿಗೆ ಮದ್ದು ಹುಡುಕುವ ಕೆಲಸ ಎಂದು ನುಂಗಿಕೊಂಡೆ.

ಒಂದು ಸಲ ಹೋದಾಗ ಬಾವ ಇರಲಿಲ್ಲ. ಕಮಲ ಅಂಗಳದಲ್ಲಿ ಕಲ್ಲಾಟ ಆಡುತ್ತಿದ್ದಳು. ಏಳೆಂಟು ವರ್ಷ ಆಗಿರಬಹುದು. ಲಂಗದ ಕೆಳಗೆ ಸುಟ್ಟ ಕಾಲಿನ ಸುಕ್ಕು ಚರ್ಮ ಕಾಣುತ್ತಿತ್ತು. ನಾನು ಯಾರು, ಯಾಕೆ ಬರುತ್ತೇನೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಅವಳು ಆಟ ನಿಲ್ಲಿಸಿ ಕೇಳಿದಳು: "ಮಾವ, ನೀವು ಯಾಕೆ ಎಳೆದದ್ದು?"

ಇಷ್ಟು ವರ್ಷಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಅಪ್ಪ ಮರಕ್ಕೆ ಕಟ್ಟಿ ಹೊಡೆದದ್ದನ್ನು ಹೇಳಬಹುದಿತ್ತು. ಹೆಣ್ಣು ಕೊಡದೆ ಬಾಗಿಲಲ್ಲೇ ಕಳುಹಿಸಿದ್ದನ್ನು ಹೇಳಬಹುದಿತ್ತು. ಏನಾದರೂ ದೊಡ್ಡ ಕಾರಣ ಕೊಟ್ಟಿದ್ದರೆ ಆ ಮಗುವಿಗೂ ನನ್ನ ಮೇಲೆ ಸ್ವಲ್ಪ ಕನಿಕರ ಹುಟ್ಟುತ್ತಿತ್ತೋ ಏನೋ.

"ನಿನ್ನ ಅಪ್ಪ ನನ್ನನ್ನು ತಮಾಷೆ ಮಾಡಿದರು. ಎಲ್ಲರೂ ನಕ್ಕರು" ಎಂದೆ.

ಅವಳು ಇನ್ನೂ ಏನೋ ಉಂಟು ಎಂದು ಕಾದಳು. ಆಮೇಲೆ ಕೇಳಿದಳು: "ಅಷ್ಟಕ್ಕಾ?"

"ಹೌದು ಮಗಾ," ಎಂದೆ. "ಅಷ್ಟಕ್ಕೇ."